ಬಿಟ್ಟುಹೋದವರ ಲೆಕ್ಕ

ನಮ್ಮ ಅಕ್ಕನ ಮಗಳು ಡಾಕ್ಟರು, ಆದರೆ ನಾಡಿ ಹಿಡಿಯುವ ಡಾಕ್ಟರಲ್ಲ. ಈ ಒಂದು ಮಾತನ್ನು ಬಂಧುಬಳಗಕ್ಕೆ ಅರ್ಥಮಾಡಿಸುವುದರಲ್ಲೇ ನಮ್ಮ ಮನೆಯವರಿಗೆ ಹತ್ತು ವರ್ಷ ಹಿಡಿದಿದೆ, ಇನ್ನೂ ಮುಗಿದಿಲ್ಲ. ಹೋದ ವರ್ಷ ಶಿರಾದಲ್ಲಿ ಒಂದು ವಲೀಮಾಕ್ಕೆ ಹೋಗಿದ್ದಾಗ ಹೆಂಗಸರ ಕಡೆ ಒಬ್ಬ ಮುದುಕಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೊಣಕಾಲು ಮುಟ್ಟಿ ತೋರಿಸಿ, "ಬೇಟಾ, ಇದಕ್ಕೊಂದು ಗುಳಿಗೆ ಬರ್ಕೊಡು" ಎಂದರಂತೆ. "ದಾದಿಮಾ, ನಾನು ಗುಳಿಗೆ ಬರೆಯೋಳಲ್ಲ. ಗುಳಿಗೆ ನಿಜವಾಗಿ ಕೆಲಸ ಮಾಡುತ್ತಾ ಇಲ್ಲವಾ ಅಂತ ಲೆಕ್ಕ ಹಾಕೋಳು" ಎಂದಳಂತೆ ಇವಳು. ಮುದುಕಿ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಮ್ಮಾ, ಅದು ನುಂಗಿದವರಿಗೇ ಗೊತ್ತಾಗುತ್ತಲ್ಲ, ಅದಕ್ಕೆ ಲೆಕ್ಕ ಯಾಕೆ?" ಎಂದರಂತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಈ ಮಾತು ಹೇಳಿಕೊಂಡು ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. "ಮಾಮು, ನನ್ನ ಇಡೀ ಕಸುಬು ಆ ಅಜ್ಜಿಯ ಪ್ರಶ್ನೆಯಲ್ಲೇ ಇದೆ" ಎಂದಳು.

ಇಂಗ್ಲಿಷಿನಲ್ಲಿ ಅವಳ ಕಸುಬಿಗೆ ಬಯೋಸ್ಟ್ಯಾಟಿಸ್ಟಿಕ್ಸ್ ಎನ್ನುತ್ತಾರೆ, ಕನ್ನಡದಲ್ಲಿ ಜೀವಸಂಖ್ಯಾಶಾಸ್ತ್ರ ಎಂದು ಬರೆಯುತ್ತಾರೆ. ಎರಡೂ ನಮ್ಮ ಮನೆಯ ನಾಲಿಗೆಗಳಿಗೆ ಒಗ್ಗಲಿಲ್ಲ. ಅಕ್ಕ 'ಹಿಸಾಬ್ ಕಿ ಡಾಕ್ಟರ್' ಎಂದು ಹೇಳಿ ಮುಗಿಸಿಬಿಡುತ್ತಾಳೆ. ಮಗಳು ಎಂ.ಬಿ.ಬಿ.ಎಸ್. ಮಾಡಲಿ ಎಂಬುದು ಅವಳ ಆಸೆಯಾಗಿತ್ತು. ಸಿ.ಇ.ಟಿ.ಯಲ್ಲಿ ಸರ್ಕಾರಿ ಸೀಟು ಸಿಗುವಷ್ಟು ರ್‍ಯಾಂಕ್ ಬರಲಿಲ್ಲ, ದುಡ್ಡು ಕಟ್ಟಿ ಓದಿಸುವ ಶಕ್ತಿ ಭಾವನಿಗಿರಲಿಲ್ಲ. ತುಮಕೂರಿನಲ್ಲಿ ಬಿ.ಎಸ್ಸಿ. ಮಾಡಿದಳು, ವೆಲ್ಲೂರಿಗೆ ಹೋಗಿ ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದಳು, ಆಮೇಲೆ ಕೆಲಸದ ಜೊತೆಗೇ ಪಿಎಚ್.ಡಿ. ಈಗ ಒಂದು ವೈದ್ಯಕೀಯ ಕಾಲೇಜಿನಲ್ಲಿದ್ದಾಳೆ. ಊರಿನ ಹೆಸರು ಬೇಡ, ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಕತೆಯನ್ನೂ ಸ್ವಲ್ಪ ಹೇಳಬೇಕು. ನಾವು ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಮಗ್ಗಿ ಕಲಿತದ್ದು ಉರ್ದುವಿನಲ್ಲಿ, ಪರೀಕ್ಷೆ ಬರೆದದ್ದು ಕನ್ನಡದಲ್ಲಿ. ಮೇಷ್ಟರು ಏಳೆಂಟ್ಲ ಎಷ್ಟೋ ಎಂದರೆ ಮನಸ್ಸು ಮೊದಲು 'ಸಾತ್ ಅಠೆ ಛಪ್ಪನ್' ಎಂದು ಒಳಗೇ ಹೇಳಿಕೊಂಡು, ಅದನ್ನು ಐವತ್ತಾರು ಮಾಡಿ ನಾಲಿಗೆಗೆ ತರುವಷ್ಟರಲ್ಲಿ ಬೆನ್ನ ಮೇಲೆ ಬೆತ್ತ ಬಿದ್ದಿರುತ್ತಿತ್ತು. ಲೆಕ್ಕದ ಮೇಲಿನ ಆ ಸಿಟ್ಟಿನಿಂದಲೇ ನಾವು ಕತೆಗಾರರಾದೆವೋ ಏನೋ. ಒಂದು ಸಾವಿರ ಜನ ಸತ್ತರೆ ಅದು ಅಂಕಿ, ಒಬ್ಬ ಸತ್ತರೆ ಅದು ಕತೆ, ಅಂಕಿಗೆ ಕಣ್ಣೀರು ಬರುವುದಿಲ್ಲ ಎಂದು ಎಷ್ಟೋ ವೇದಿಕೆಗಳಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇವೆ. ಒಮ್ಮೆ ತುಮಕೂರಿನ ಇಂಥದ್ದೇ ಸಭೆಯಲ್ಲಿ ಇವಳೂ ಕೂತಿದ್ದಳು. ಹೊರಗೆ ಬಂದ ಮೇಲೆ, "ಮಾಮು, ಸಾವಿರದಲ್ಲಿ ಆ ಒಬ್ಬನನ್ನು ಆರಿಸಿದ್ದು ಯಾರು?" ಎಂದು ಕೇಳಿದಳು. ನಾವು ಚಹಾ ಕುಡಿಯುವ ನೆಪದಲ್ಲಿ ಉತ್ತರ ತಪ್ಪಿಸಿಕೊಂಡೆವು.

ಅವಳ ಕಾಲೇಜಿಗೆ ಒಂದೆರಡು ಸಲ ಹೋಗಿದ್ದೇವೆ. ಸಮುದಾಯ ವೈದ್ಯಶಾಸ್ತ್ರ ವಿಭಾಗದ ಹಿಂಭಾಗದಲ್ಲಿ ಒಂದು ಕೋಣೆ. ನೂರಾರು ಡಾಕ್ಟರುಗಳಿರುವ ಕಾಲೇಜಿನಲ್ಲಿ ಲೆಕ್ಕದವರಿಗೆ ಇರುವುದು ಸಾಮಾನ್ಯವಾಗಿ ಒಂದೇ ಹುದ್ದೆ. ಹಳೆಯ ನಿಯಮಾವಳಿಯಲ್ಲಿ ಅದರ ಹೆಸರೇ 'ಸ್ಟ್ಯಾಟಿಸ್ಟಿಶಿಯನ್ ಕಂ ಲೆಕ್ಚರರ್'. ಬಾಗಿಲಲ್ಲಿ ಎಂ.ಡಿ. ವಿದ್ಯಾರ್ಥಿಗಳ ಸಾಲು. ಥೀಸಿಸ್ ಒಪ್ಪಿಸಲು ಎಂಟು ದಿನ ಇರುವಾಗ ಪೆನ್ ಡ್ರೈವ್ ಹಿಡಿದು ಬಂದು, "ಮೇಡಂ, ಪಿ ವ್ಯಾಲ್ಯೂ ಹಾಕಿಕೊಡಿ" ಎನ್ನುತ್ತಾರೆ. ತಾಲ್ಲೂಕು ಆಫೀಸಿನಲ್ಲಿ ಅರ್ಜಿಗೆ ಸೀಲು ಹಾಕಿಸಿಕೊಳ್ಳುವ ದನಿಯಲ್ಲೇ.

ಈ ಪಿ ವ್ಯಾಲ್ಯೂ ಏನೆಂದು ನಮಗೂ ಒಮ್ಮೆ ತಿಳಿಸಿ ಹೇಳಿದಳು. ಎರಡು ಔಷಧಿಗಳಲ್ಲಿ ನಿಜವಾಗಿ ಏನೂ ವ್ಯತ್ಯಾಸವಿಲ್ಲ ಎಂದೇ ಇಟ್ಟುಕೊಳ್ಳಿ. ಹಾಗಿದ್ದೂ ಬರೀ ಅದೃಷ್ಟದ ಆಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸಿಕೊಳ್ಳುವ ಸಾಧ್ಯತೆ ಎಷ್ಟು? ಆ ಸಂಖ್ಯೆಯೇ ಪಿ. ಅದು ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ಡಾಕ್ಟರುಗಳ ಮುಖ ಅರಳುತ್ತದೆ, ಆರಾದರೆ ಬಾಡುತ್ತದೆ. ಐದಕ್ಕೂ ಆರಕ್ಕೂ ನಡುವೆ ಆಕಾಶವೇನೂ ಬೀಳುವುದಿಲ್ಲ ಎಂದು ಇವಳು ಪ್ರತಿ ವರ್ಷ ಪಾಠ ಮಾಡುತ್ತಾಳೆ, ಪ್ರತಿ ವರ್ಷ ಅವರು ಮರೆಯುತ್ತಾರೆ. ಸಂಖ್ಯಾಶಾಸ್ತ್ರದ ದೊಡ್ಡ ಗುರು ಆರ್.ಎ. ಫಿಶರ್ 1938ರಲ್ಲಿ ಕಲ್ಕತ್ತೆಗೆ ಬಂದು ಭಾಷಣ ಮಾಡುವಾಗ, ಪ್ರಯೋಗವೆಲ್ಲ ಮುಗಿದ ಮೇಲೆ ಲೆಕ್ಕದವನನ್ನು ಕರೆಯುವುದು ಹೆಣ ಕುಯ್ಯಲು ಕರೆದ ಹಾಗೆ, ಸತ್ತದ್ದು ಯಾವುದರಿಂದ ಎಂದಷ್ಟೇ ಅವನು ಹೇಳಬಲ್ಲ ಎಂಬರ್ಥದ ಮಾತಾಡಿದ್ದರಂತೆ. ಎಂಬತ್ತು ವರ್ಷ ದಾಟಿದರೂ ಇವಳ ಬಾಗಿಲಲ್ಲಿ ಹೆಣಗಳ ಸಾಲು ಕರಗಿಲ್ಲ.

ಆದರೆ ಇವಳ ಮೇಜಿನ ಗಾಜಿನ ಕೆಳಗೆ ಇರುವ ಚಿತ್ರ ಫಿಶರನದ್ದಲ್ಲ. ತೆಳ್ಳನೆಯ ಒಬ್ಬ ಇಂಗ್ಲಿಷ್ ಮನುಷ್ಯ, ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್. 'ಇವರು ನಿನ್ನ ಪೀರ್ ಸಾಹೇಬರೋ?' ಎಂದು ನಾವು ತಮಾಷೆ ಮಾಡಿದ್ದುಂಟು. ಅವನ ಕತೆ ಕೇಳಿದ ಮೇಲೆ ತಮಾಷೆ ಬಿಟ್ಟೆವು.

ಹಿಲ್ ಹುಟ್ಟಿದ್ದು 1897ರಲ್ಲಿ. ಅಪ್ಪ ಹೆಸರಾಂತ ಶರೀರಶಾಸ್ತ್ರಜ್ಞ. ಮಗನೂ ಡಾಕ್ಟರಾಗಬೇಕೆಂದಿದ್ದ. ಮೊದಲ ಮಹಾಯುದ್ಧ ಬಂತು. ನೌಕಾಪಡೆಯ ವಿಮಾನ ಹಾರಿಸಲು ಹೋದವನಿಗೆ ಕ್ಷಯ ಹತ್ತಿತು. ಆಗ ಆ ರೋಗಕ್ಕೆ ಮದ್ದಿರಲಿಲ್ಲ. ಸಾಯಲಿ ಎಂದೇ ಮನೆಗೆ ಕಳಿಸಿದರು. ಎರಡು ವರ್ಷ ಹಾಸಿಗೆ ಹಿಡಿದು, ಹೇಗೋ ಬದುಕಿಕೊಂಡ. ವೈದ್ಯಕೀಯ ಓದುವ ಬಲ ಉಳಿದಿರಲಿಲ್ಲ. ಮಲಗಿದಲ್ಲೇ ಅಂಚೆಯ ಮೂಲಕ ಅರ್ಥಶಾಸ್ತ್ರದ ಪದವಿ ಮಾಡಿಕೊಂಡು, ಲೆಕ್ಕದ ದಾರಿಯಿಂದ ವೈದ್ಯಲೋಕದೊಳಗೆ ಬಂದ. 1937ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಡಾಕ್ಟರುಗಳಿಗೆ ಅರ್ಥವಾಗುವ ಹಾಗೆ ಸಂಖ್ಯಾಶಾಸ್ತ್ರದ ಲೇಖನಮಾಲೆ ಬರೆದ. ಲಂಡನ್ನಿನ ಸ್ಕೂಲ್ ಆಫ್ ಹೈಜೀನ್‌ನಲ್ಲಿ ಪ್ರೊಫೆಸರಾದ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ರಿಚರ್ಡ್ ಡಾಲ್ ಜೊತೆ ತೋರಿಸಿಕೊಟ್ಟವನೂ ಇವನೇ. ಆದರೆ ನಮ್ಮ ಹುಡುಗಿಗೆ ಇವನು ಪೀರ್ ಆದದ್ದು ಕ್ಷಯದಿಂದ.

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದಿತ್ತು. ಬ್ರಿಟನ್ ಕೈಯಲ್ಲಿ ಡಾಲರ್ ಇರಲಿಲ್ಲ, ತರಿಸಿಕೊಂಡದ್ದು ಸ್ವಲ್ಪವೇ. ಎಲ್ಲ ರೋಗಿಗಳಿಗೂ ಸಾಲದು. ಯಾರಿಗೆ ಕೊಡುವುದು? ಡಾಕ್ಟರಿಗೆ ಬಿಟ್ಟರೆ ಅವನು ತನ್ನ ಮನಸ್ಸು ಕರಗಿದವರಿಗೆ ಕೊಡುತ್ತಾನೆ, ಇಲ್ಲವೇ ಬದುಕುವ ಲಕ್ಷಣ ಇರುವವರನ್ನು ನೋಡಿ ಕೊಡುತ್ತಾನೆ. ಆಮೇಲೆ ಬದುಕಿದವರನ್ನು ತೋರಿಸಿ ಔಷಧಿಯಿಂದಲೇ ಬದುಕಿದರು ಎನ್ನುತ್ತಾನೆ. ಹಿಲ್ ಚೀಟಿ ಎತ್ತುವ ಪದ್ಧತಿ ತಂದ. ಯಾವ ರೋಗಿ ಯಾವ ಗುಂಪಿಗೆ ಎಂಬುದನ್ನು ಮೊದಲೇ ಸಂಖ್ಯೆಗಳ ಪಟ್ಟಿಯಿಂದ ತೀರ್ಮಾನಿಸಿ, ಮುಚ್ಚಿದ ಲಕೋಟೆಯಲ್ಲಿಟ್ಟ. ರೋಗಿಯನ್ನು ಪ್ರಯೋಗಕ್ಕೆ ಒಪ್ಪಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು. ಎಕ್ಸ್-ರೇ ನೋಡಿ ತೀರ್ಪು ಕೊಡುವವರಿಗೂ ಅದು ಯಾವ ಗುಂಪಿನವನ ಎದೆ ಎಂದು ಗೊತ್ತಿರಬಾರದು. ಒಟ್ಟು 107 ಮಂದಿ. 55 ಜನಕ್ಕೆ ಔಷಧಿ ಮತ್ತು ವಿಶ್ರಾಂತಿ, 52 ಜನಕ್ಕೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ ನಾಲ್ವರು ಸತ್ತರು, ಪಡೆಯದವರಲ್ಲಿ ಹದಿನಾಲ್ಕು. 1948ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಅಚ್ಚಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಜಾಹೀರಾತು ಆಗುತ್ತಿತ್ತು. ಅವರು ಎಣಿಕೆ ನಿಲ್ಲಿಸಲಿಲ್ಲ. ಐದು ವರ್ಷದ ಹೊತ್ತಿಗೆ ಔಷಧಿ ಪಡೆದ 55ರಲ್ಲಿ 32 ಮಂದಿ, ಪಡೆಯದ 52ರಲ್ಲಿ 35 ಮಂದಿ ತೀರಿಕೊಂಡಿದ್ದರು. ಅಂತರ ಸವೆದುಹೋಗಿತ್ತು. ಕ್ಷಯದ ಕ್ರಿಮಿ ಆ ಔಷಧಿಗೆ ಬಗ್ಗದಂತೆ ಬಲಿತುಕೊಂಡಿತ್ತು. ಹಾಗೆ ಬಲಿಯದಂತೆ ತಡೆಯಲು ಸ್ಟ್ರೆಪ್ಟೊಮೈಸಿನ್ ಜೊತೆಗೆ ಇನ್ನೊಂದು ಔಷಧಿ ಸೇರಿಸಿ ಕೊಡಬೇಕು ಎಂಬುದೂ ಇಂಥದ್ದೇ ಲೆಕ್ಕದಿಂದಲೇ ಗೊತ್ತಾಯಿತು. ಇಂದು ಕ್ಷಯಕ್ಕೆ ಮೂರು ನಾಲ್ಕು ಔಷಧಿ ಒಟ್ಟಿಗೆ ಕೊಡುವುದರ ಬೇರು ಅಲ್ಲಿದೆ.

"ಔಷಧಿ ಸಿಗದ ಆ 52 ಜನಕ್ಕೆ ತಾವು ಇಂಥ ಪ್ರಯೋಗದಲ್ಲಿ ಇದ್ದೇವೆ ಅಂತ ಗೊತ್ತಿತ್ತಾ?" ಎಂದು ನಾವು ಕೇಳಿದೆವು. ಕತೆಗಾರರ ಬುದ್ಧಿ.

"ಇರಲಿಲ್ಲ ಮಾಮು. ಹೇಳಿರಲಿಲ್ಲ. ಈಗ ಹಾಗೆ ಮಾಡೋಕಾಗಲ್ಲ, ಮಾಡಬಾರದು" ಎಂದಳು. ಅವಳ ಪೀರ್ ಸಾಹೇಬರ ಬಗ್ಗೆಯೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ನಮಗೆ ಹಿಡಿಸಿತು.

ವಲೀಮಾದ ಮುದುಕಿಗೆ ಉತ್ತರ ಇದರಲ್ಲೇ ಇದೆ. ನುಂಗಿ ಬದುಕಿದವರು ಬಂದು ಹೇಳುತ್ತಾರೆ, ನುಂಗಿ ಸತ್ತವರು ಬಂದು ಹೇಳುವುದಿಲ್ಲ. ನುಂಗದೆಯೂ ಬದುಕಿದವರನ್ನು ಯಾರೂ ಕೇಳುವುದಿಲ್ಲ. ಇದಕ್ಕೆ ನಮ್ಮ ನೆಲದ್ದೇ ಪುರಾವೆ ಇದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1960ರಲ್ಲಿ ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ಕ್ಷಯ ಸಂಸ್ಥೆ ಇದೆಯಲ್ಲ, ಅಲ್ಲಿನವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿದರು. ವ್ಯವಸ್ಥಿತ ಕ್ಷಯ ಚಿಕಿತ್ಸೆ ಹಳ್ಳಿಗಳಿಗೆ ತಲುಪಿರದ ಕಾಲ ಅದು. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡ 126 ಮಂದಿಯಲ್ಲಿ ಐದು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಜನ ತೀರಿಕೊಂಡಿದ್ದರು. ಸುಮಾರು ಮೂರನೇ ಒಂದು ಭಾಗದವರು ತಾವಾಗಿ ಗುಣವಾಗಿದ್ದರು. ಅಂದರೆ ಯಾವ ಬೂದಿ, ಯಾವ ಬೇರು, ಯಾವ ತಾಯಿತ ಕೊಟ್ಟವನಿಗೂ ಮೂವರಲ್ಲಿ ಒಬ್ಬ ಶಿಷ್ಯ ಸಿಕ್ಕೇ ಸಿಗುತ್ತಾನೆ!

ಇನ್ನು ಅವಳ ಕಾಲೇಜಿನ ವಿಷಯ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಹಚ್ಚುವ ಒಂದು ಮುಲಾಮನ್ನು ಅಲ್ಲಿನ ಒಬ್ಬ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿದರು. ಹೊಸ ಮುಲಾಮಿನ ಗುಂಪಿನಲ್ಲಿ ಹತ್ತು ಹನ್ನೆರಡು ಮಂದಿ ಅರ್ಧಕ್ಕೇ ಬರುವುದನ್ನು ಬಿಟ್ಟಿದ್ದರು. ಹಳೆಯ ಮುಲಾಮಿನ ಗುಂಪಿನಲ್ಲಿ ಬಿಟ್ಟವರು ಇಬ್ಬರೋ ಮೂವರೋ. ಬಿಟ್ಟುಹೋದವರನ್ನು ತೆಗೆದುಹಾಕಿ ಲೆಕ್ಕ ಮಾಡಿ ಎಂದು ಡಾಕ್ಟರು ಹೇಳಿದರು. ಹಾಗೆ ಮಾಡಿದರೆ ಹೊಸ ಮುಲಾಮು ಬಹಳ ಚೆನ್ನಾಗಿ ಕಾಣುತ್ತಿತ್ತು.

ಇದರಲ್ಲಿ ತಪ್ಪೇನು ಎಂದು ನಮಗೆ ಮೊದಲು ಹೊಳೆಯಲಿಲ್ಲ. ಬಿಟ್ಟುಹೋದವರನ್ನು ಎಲ್ಲಿಂದ ಎಣಿಸುವುದು? ಅವಳು ನಮಗೆ ಗೊತ್ತಿರುವ ಉದಾಹರಣೆಯನ್ನೇ ಕೊಟ್ಟಳು. ಕೆಲವು ಹೈಸ್ಕೂಲುಗಳು ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂದು ಬ್ಯಾನರ್ ಕಟ್ಟುತ್ತವೆ. ಒಂಬತ್ತರಲ್ಲೇ ದಡ್ಡ ಹುಡುಗರಿಗೆ ಟಿ.ಸಿ. ಕೊಟ್ಟು ಕಳಿಸಿರುತ್ತಾರೆ. ಯಾವ ಗುಂಪಿಗೆ ಹೆಸರು ಬಂತೋ ಕೊನೆಯವರೆಗೆ ಆ ಗುಂಪಿನ ಲೆಕ್ಕದಲ್ಲೇ ಅವನು ಇರಬೇಕು, ಔಷಧಿ ಬಿಟ್ಟರೂ ಸರಿ, ಊರು ಬಿಟ್ಟರೂ ಸರಿ. ಇದು ಅವರ ಶಾಸ್ತ್ರದ ಕಟ್ಟುನಿಟ್ಟಿನ ಪದ್ಧತಿ. ಹಿಲ್‌ನ ಲಕೋಟೆಯ ಬೆಲೆ ಇರುವುದೇ ಇದರಲ್ಲಿ. ಮಧ್ಯದಲ್ಲಿ ಹೆಸರು ಹೊಡೆದುಹಾಕಿದರೆ ಚೀಟಿ ಎತ್ತಿಯೂ ಎತ್ತದ ಹಾಗೆ.

ಅವಳು ಇನ್ನೊಂದು ಕೆಲಸ ಮಾಡಿದಳು. ಬಿಟ್ಟುಹೋದವರ ಫೋನ್ ನಂಬರ್ ಹುಡುಕಿ, ವಿದ್ಯಾರ್ಥಿಗಳನ್ನು ಕೂರಿಸಿ ಫೋನ್ ಮಾಡಿಸಿದಳು. ಮುಲಾಮು ಉರಿಯುತ್ತದೆ, ತಡೆಯಲಾಗದೆ ಬಿಟ್ಟೆವು ಎಂದರು ಕೆಲವರು. ಕೂಲಿ ತಪ್ಪುತ್ತದೆ ಎಂದರು ಇನ್ನು ಕೆಲವರು. ಒಬ್ಬ ಹೆಂಗಸು, ಬೇರೆ ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆಸಿಕೊಂಡು ಬಂದೆ, ಇನ್ನು ಯಾವ ಮುಲಾಮು ಎಂದಳಂತೆ. ಅವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಹೊಸ ಮುಲಾಮಿನ ಹೆಚ್ಚುಗಾರಿಕೆ ಉಳಿಯಲಿಲ್ಲ. ಡಾಕ್ಟರು ಸಿಟ್ಟಾದರು. ನೀವು ನಮ್ಮ ಸಹಾಯಕ್ಕೆ ಇರುವವರು, ನಮ್ಮ ಮೇಲೆ ತನಿಖೆಗೆ ಇರುವವರಲ್ಲ ಎಂದರು. ದುಡ್ಡು ಕೊಟ್ಟು ಹೊರಗಿನ ಯಾರಿಂದಲೋ ಲೆಕ್ಕ ಮಾಡಿಸಿಕೊಂಡರು. ಲೇಖನ ಅಚ್ಚಾಯಿತು. ಅದರಲ್ಲಿ ಇವಳ ಹೆಸರಿರಲಿಲ್ಲ, ಬಿಟ್ಟುಹೋದವರೂ ಇರಲಿಲ್ಲ. ಬಡ್ತಿಯ ಅರ್ಜಿಗೆ ಇಷ್ಟು ಲೇಖನ ಇರಬೇಕು, ಅದರಲ್ಲಿ ಹೆಸರು ಮುಂದಿರಬೇಕು ಎಂದು ನಿಯಮ. ಇವಳಿಗೆ ಒಂದು ಲೇಖನ ಕಡಿಮೆ ಬಿತ್ತು. ಲೆಕ್ಕದವರ ಹೆಸರು ಹೇಗೂ ನಾಲ್ಕನೆಯದೋ ಐದನೆಯದೋ ಆಗಿರುತ್ತದೆ, ಇಲ್ಲವೇ ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ. ಅಡುಗೆಯವರನ್ನು ನಿಕಾಹ್ ಪತ್ರಿಕೆಯಲ್ಲಿ ಹಾಕುತ್ತಾರೆಯೇ?

ಇದನ್ನು ಅವಳು ರಜಕ್ಕೆ ನಮ್ಮ ಮನೆಗೆ ಬಂದಿದ್ದಾಗ, ಅಂಗಳದಲ್ಲಿ ಕೂತು ಹೇಳಿದಳು. ನಮಗೆ ರಕ್ತ ಕುದಿಯಿತು. ಆ ಡಾಕ್ಟರ ಮೇಲೆ ಒಂದು ಕತೆ ಬರೆದು ಮಾನ ಹರಾಜು ಹಾಕುತ್ತೇವೆ ಎಂದೆವು. ಅವಳು ಸುಮ್ಮನೆ ಕೇಳಿಸಿಕೊಂಡು, ಆಮೇಲೆ, "ಮಾಮು, ನಿಮ್ಮ 'ಕಲಾಯಿ' ಕತೆಯಲ್ಲಿ ನಾನಿಯ ಅಣ್ಣ ಬಾವಿಗೆ ಬಿದ್ದು ಸಾಯ್ತಾರಲ್ಲ, ಅದು ನಿಜವಾ?" ಎಂದಳು.

ಈ ಪ್ರಶ್ನೆಯನ್ನು ಇಪ್ಪತ್ತೈದು ವರ್ಷ ಯಾರೂ ನಮ್ಮನ್ನು ಕೇಳಿರಲಿಲ್ಲ.

ಅಮ್ಮಿಯ ತವರು ಮಧುಗಿರಿ ಕಡೆಯ ಒಂದು ಹಳ್ಳಿ. ಅವರದ್ದು ಪಾತ್ರೆಗಳಿಗೆ ಕಲಾಯಿ ಹಾಕುವ ಮನೆತನ. ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಸವರುವುದು. ಬಿಳಿ ಹೊಗೆ ಭಗ್ ಎಂದು ಮುಖಕ್ಕೆ ಬರುತ್ತದೆ. ಅಮ್ಮಿಯ ಅಣ್ಣ, ಅಂದರೆ ನಮ್ಮ ಮಾಮು, ಒಬ್ಬರಿದ್ದರು. ನಾವು ಅವರನ್ನು ನೋಡಿಲ್ಲ. ಇಪ್ಪತ್ತನಾಲ್ಕಕ್ಕೇ ಹೋಗಿಬಿಟ್ಟರು. ಕೆಮ್ಮು, ಜ್ವರ, ಕೊನೆಗೆ ರಕ್ತ. ನವಸಾಗರದ ಹೊಗೆಯಿಂದ ಎದೆ ಸುಟ್ಟಿತು ಎಂದು ಮನೆಯವರು ಊರಿಗೆ ಹೇಳಿಕೊಂಡರು. ಮನೆಯಲ್ಲಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಕ್ಷಯ ಇದ್ದ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ಹಾಗಾಗಿ ಅವರ ಮಾತೇ ಎತ್ತುತ್ತಿರಲಿಲ್ಲ. ನಾನಾ ತಮಗೆ ಎಷ್ಟು ಮಕ್ಕಳು ಎಂದು ಕೇಳಿದವರಿಗೆ ಒಂದು ಕಡಿಮೆ ಮಾಡಿಯೇ ಹೇಳುತ್ತಿದ್ದರಂತೆ.

ನಾವು ಬರೆಯಲು ಶುರುಮಾಡಿದ ಹೊಸತರಲ್ಲಿ ಈ ಮಾಮುವಿನ ಕತೆ ಬರೆದೆವು. ಅಮ್ಮಿಗೆ ಓದಿ ಹೇಳಿದಾಗ ಅವರ ಮುಖ ಬಿಳಿಚಿತು. ಚಿಕ್ಕ ತಂಗಿಯ ಮದುವೆ ಇನ್ನೂ ಆಗಬೇಕಿತ್ತು. "ಕೆಮ್ಮು ಬರೀಬೇಡ, ಬೇರೆ ಏನಾದರೂ ಬರಿ" ಎಂದು ಕೈ ಹಿಡಿದುಕೊಂಡರು. ನಾವು ಕೆಮ್ಮನ್ನು ತೆಗೆದು ಒಂದು ಪ್ರೇಮ ಹಾಕಿದೆವು, ಒಂದು ಹುಣ್ಣಿಮೆ ಹಾಕಿದೆವು, ಬಾವಿ ಹಾಕಿದೆವು. ಕತೆ ಅಚ್ಚಾದಾಗ ಬಾವಿಯ ದೃಶ್ಯವನ್ನು ಹೊಗಳಿ ಬಂದಷ್ಟು ಕಾಗದಗಳು ನಮ್ಮ ಬೇರೆ ಯಾವ ಕತೆಗೂ ಬಂದಿಲ್ಲ.

ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಸ್ವಲ್ಪ ಹೊತ್ತಾದ ಮೇಲೆ, ಯಾವ ವರ್ಷ ತೀರಿಕೊಂಡರು ಎಂದು ಕೇಳಿದಳು. 1961 ಅಥವಾ 62 ಇರಬೇಕು ಎಂದೆವು. ಆಗ ಅವಳು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದಳು.

ಅವಳು ಆವತ್ತು ಹೇಳಿದ ಎರಡು ಸಂಗತಿ ನಮ್ಮ ನಿದ್ದೆ ಕೆಡಿಸಿದವು. ಒಂದು ಮದ್ರಾಸಿನದ್ದು. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಕೇಂದ್ರ ತೆರೆದು, ಬಡ ಕೇರಿಗಳ 193 ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂಗೆ ಹೋಯಿತು. ಒಳ್ಳೆಯ ಊಟ, ವಿಶ್ರಾಂತಿ, ನರ್ಸುಗಳು. ಇನ್ನೊಂದು ಪಾಲು ತಮ್ಮ ಇಕ್ಕಟ್ಟಿನ ಮನೆಯಲ್ಲೇ, ಹೆಂಡತಿ ಮಕ್ಕಳ ನಡುವೆ ಉಳಿದು ಅದೇ ಔಷಧಿ ನುಂಗಿತು. ಒಂದು ವರ್ಷದ ಕೊನೆಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ರೀತಿ ಗುಣವಾದರು. ಮನೆಯಲ್ಲಿದ್ದವರಿಂದ ಮನೆಮಂದಿಗೆ ರೋಗ ಹೆಚ್ಚು ಹರಡಲೂ ಇಲ್ಲ. 1959ರಲ್ಲಿ ಇದು ಪ್ರಕಟವಾಯಿತು. ನಮ್ಮ ಮಾಮುವನ್ನು ಊರಾಚೆಯ ಹುಣಸೆ ತೋಪಿನಲ್ಲಿ ಗುಡಿಸಲು ಹಾಕಿ ಇಟ್ಟಿದ್ದು ಅದಾದ ಎರಡು ವರ್ಷಕ್ಕೆ. ಮಧುಗಿರಿಗೂ ಮದ್ರಾಸಿಗೂ ಇರುವುದು ಒಂದು ರಾತ್ರಿಯ ದಾರಿ.

ಇನ್ನೊಂದು ತುಮಕೂರಿನದ್ದೇ. ಬೆಂಗಳೂರಿನ ಆ ಕ್ಷಯ ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹಳ್ಳಿಗಳನ್ನು ಆಯ್ದುಕೊಂಡು ಮನೆಮನೆ ಎಣಿಕೆ ಮಾಡಿದರು. ತೋಳಿಗೆ ಚುಚ್ಚಿ ನೋಡಿದರು, ಎದೆಯ ಎಕ್ಸ್-ರೇ ತೆಗೆದರು, ಕಫ ಪರೀಕ್ಷಿಸಿದರು. ಆಮೇಲೆ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಆ ರೋಗಿಗಳನ್ನೇ ಹುಡುಕಿ ಹೋಗಿ ಮಾತಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಎಲ್ಲರ ನಂಬಿಕೆ. 1963ರಲ್ಲಿ ಬಂದ ಅವರ ಲೇಖನ ಬೇರೆಯೇ ಹೇಳಿತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ನೂರಕ್ಕೆ 95 ಜನಕ್ಕೆ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. 72 ಜನ ಅದರ ಚಿಂತೆಯಲ್ಲಿದ್ದರು. 52 ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮನೆಗೆ ಬಂದಿದ್ದರು. ನಮ್ಮ ಮಾಮುವೂ ಮಧುಗಿರಿ ಆಸ್ಪತ್ರೆಗೆ ಎರಡು ಸಲ ನಡೆದುಹೋಗಿದ್ದರು ಎಂದು ಅಮ್ಮಿ ಎಂದೋ ಹೇಳಿದ್ದರು. ನಾವು ಅದನ್ನು ಕತೆಯಲ್ಲಿ ಹಾಕಿರಲಿಲ್ಲ. ನಡೆದುಹೋಗಿ ಸೀಸೆ ತರುವುದರಲ್ಲಿ ಕತೆಯ ಅಂದ ಏನಿದೆ ಎಂದುಕೊಂಡಿದ್ದೆವು.

ಈಚಿನ ಮಾತನ್ನೂ ಅವಳೇ ಹೇಳಿದಳು. 2019ರಿಂದ 2021ರವರೆಗೆ ದೇಶದುದ್ದಕ್ಕೂ ಇಂಥದ್ದೇ ಎಣಿಕೆ ಆಯಿತು. ಹದಿನೈದು ದಾಟಿದವರಲ್ಲಿ ಲಕ್ಷಕ್ಕೆ 316 ಮಂದಿಯ ಶ್ವಾಸಕೋಶದಲ್ಲಿ ಕ್ಷಯ. ಲಕ್ಷಣ ಇದ್ದವರಲ್ಲಿ ನೂರಕ್ಕೆ 64 ಜನ ಎಲ್ಲಿಗೂ ತೋರಿಸಿಕೊಳ್ಳಲು ಹೋಗಿರಲಿಲ್ಲ. ಔಷಧಿ ಈಗ ಬಿಟ್ಟಿ ಸಿಗುತ್ತದೆ.

ನಾವು ಹೀಗೆ ಮಾತಾಡುತ್ತಿರುವಾಗ ಅಮ್ಮಿ ಒಳಗಿನಿಂದ ಬಂದು ಬಾಗಿಲ ಹತ್ತಿರ ಕೂತಿದ್ದರು. ಕಿವಿ ಮಂದ ಎಂದು ನಾವು ದನಿ ತಗ್ಗಿಸಿರಲಿಲ್ಲ. ಅವರಿಗೆ ಎಂಬತ್ತರ ಹತ್ತಿರ. ಅವರು ಮಾತಾಡುವುದು ದಖನಿಯಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇವೆ.

"ಜೀಪು ಬಂದಿತ್ತು ನಮ್ಮೂರಿಗೂ" ಎಂದರು.

ನಾವಿಬ್ಬರೂ ತಿರುಗಿ ನೋಡಿದೆವು.

"ಜೀಪು, ಒಂದು ದೊಡ್ಡ ವ್ಯಾನು. ಎಲ್ಲರ ತೋಳಿಗೂ ಚುಚ್ಚಿದರು. ನನಗೂ ಚುಚ್ಚಿದರು, ಇಷ್ಟು ದಪ್ಪ ಊದಿತ್ತು. ಮನೆಯಲ್ಲಿ ಎಷ್ಟು ಜನ ಅಂತ ಕೇಳಿ ಬರ್ಕೊಂಡರು. ಅಬ್ಬಾ ಒಂದು ಕಡಿಮೆ ಹೇಳಿದರು."

"ಆಗ ಅಣ್ಣ ಎಲ್ಲಿದ್ದರು ನಾನಿ?"

"ಎಲ್ಲಿರ್ತಾನೆ, ತೋಪಿನಲ್ಲಿ. ಹಿಂದಿನ ದಿನಾನೇ ಹೇಳಿದ್ದರು, ಜೀಪು ಹೋಗೋವರೆಗೆ ಗುಡಿಸಲಿಂದ ಆಚೆ ಬರಬೇಡ, ಕೆಮ್ಮು ಬಂದರೆ ಬಾಯಿಗೆ ಬಟ್ಟೆ ಇಟ್ಕೋ ಅಂತ. ರೊಟ್ಟಿ ತಗೊಂಡು ಹೋದೋಳು ನಾನೇ. ಯಾರು ಬಂದಿರೋದು ಅಂತ ಕೇಳಿದ. ಸೆನ್ಸಸ್‌ನೋರು ಅಂದೆ. ನನ್ನ ಹೆಸರು ಬರೆಸಿದರಾ ಅಂತ ಕೇಳಿದ."

ಅಮ್ಮಿ ಅಷ್ಟಕ್ಕೇ ನಿಲ್ಲಿಸಿದರು. ಏನು ಹೇಳಿದಿರಿ ಎಂದು ನಾವೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಮೊಮ್ಮಗಳ ಕಡೆ ಕೈ ನೀಡಿ, "ಈಗ ಬರ್ಕೋ" ಎಂದರು.

"ನಾನಿ, ಈಗ ಬರೆದರೆ ಅದು ಯಾವ ಲೆಕ್ಕಕ್ಕೂ ಸೇರಲ್ಲ" ಎಂದಳು ಅವಳು. ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಬರುವುದಿಲ್ಲ.

"ಸೇರದಿದ್ದರೆ ಬೇಡ. ಬರ್ಕೋ."

ಹತ್ತಿರದಲ್ಲಿ ಕಾಗದ ಇರಲಿಲ್ಲ. ಶಿರಾದ ವಲೀಮಾದ ಕಾರ್ಡು ಕಿಟಕಿಯಲ್ಲಿತ್ತು. ಅದರ ಲಕೋಟೆ ಹಿಂದುಮುಂದು ಮಾಡಿ, ಮಂಡಿಯ ಮೇಲಿಟ್ಟುಕೊಂಡು, ಅವಳು ತನ್ನ ಆಫೀಸಿನ ದನಿಯಲ್ಲಿ ಒಂದೊಂದೇ ಕೇಳತೊಡಗಿದಳು. ಗಂಡು. ವಯಸ್ಸು ಇಪ್ಪತ್ತನಾಲ್ಕು. ಕೆಲಸ ಕಲಾಯಿ. ಕೆಮ್ಮು ಎಷ್ಟು ದಿನ? ಹನ್ನೊಂದು ತಿಂಗಳು ಎಂದರು ಅಮ್ಮಿ, ತಡೆಯದೆ, ನೆನ್ನೆಯ ಮಾತಿನ ಹಾಗೆ. ಆಸ್ಪತ್ರೆಗೆ ಹೋಗಿದ್ದರಾ? ಎರಡು ಸಲ. ಕಫ ಪರೀಕ್ಷೆ ಮಾಡಿದ್ದರಾ?

"ಸೀಸೆ ಕೊಟ್ಟರು" ಎಂದರು ಅಮ್ಮಿ.